ಚುನಾವಣಾ ಬಾಂಡ್: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಪಾರ್ಟಿಗಳಿಗೆ ಹೆಸರು ಹೇಳದೆ ದುಡ್ಡು ಕೊಡೋ ಚುನಾವಣಾ ಬಾಂಡ್ ಸ್ಕೀಮನ್ನ ರದ್ದು ಮಾಡಿ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗಿಂದ ಈ ವಿಷಯದ ಬಗ್ಗೆ ನೆಂಟರು, ಆಫೀಸಿನೋರು, ಪರಿಚಯ ಇಲ್ದೋರು ಎಲ್ಲಾ ಕೇಳ್ತಾನೇ ಇದ್ದಾರೆ. ಬಾಂಡ್ ಹೋಯ್ತಲ್ಲ, ಇನ್ನೂ ಯಾಕೆ ಇದರ ಮಾತು ಅನ್ನೋರೂ ಇದ್ದಾರೆ. ಸರ್ಕಾರ, ದೊಡ್ಡ ಬ್ಯಾಂಕು, ದೊಡ್ಡ ಕಂಪನಿ ಮೂರೂ ಒಂದೇ ಕಡೆ ನಿಂತು "ನಮ್ಮನ್ನ ನಂಬಿ" ಅಂದಾಗ ಸಾಮಾನ್ಯ ಜನ ಏನು ಕೇಳ್ಬೇಕು, ಎಲ್ಲಿ ಹುಡುಕ್ಬೇಕು ಅನ್ನೋಕೆ ನಮ್ಮ ದೇಶದಲ್ಲಿ ಇದಕ್ಕಿಂತ ಚೆನ್ನಾಗಿ ದಾಖಲೆ ಇರೋ ಉದಾಹರಣೆ ನನಗೆ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ. ಸುಲಭದ ಪ್ರಶ್ನೆ ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪ್ರಶ್ನೆಗಳು

"ಅಣ್ಣ, ಈ ಎಲೆಕ್ಟೋರಲ್ ಬಾಂಡ್ ಅಂದ್ರೆ ಏನು? ಎಫ್‌ಡಿ ತರ ಬಡ್ಡಿ ಬರ್ತಿತ್ತಾ?"

ಬಡ್ಡಿಗಿಡ್ಡಿ ಏನೂ ಇರ್ಲಿಲ್ಲ. ಪಾರ್ಟಿಗೆ ದುಡ್ಡು ಕೊಡೋಕೆ ಅಂತ್ಲೇ ಮಾಡಿದ್ದ ಕಾಗದ ಅದು. ಎಸ್‌ಬಿಐನ ಆಯ್ದ ಕೆಲವು ಬ್ರಾಂಚಲ್ಲಿ ಮಾತ್ರ ಸಿಗ್ತಿತ್ತು, 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ ಹೀಗೆ ಐದು ಮುಖಬೆಲೆ. ನೀವು ಕೆವೈಸಿ ಕೊಟ್ಟು ಕೊಂಡ್ಕೋತೀರಿ, ಪಾರ್ಟಿಗೆ ಕೊಡ್ತೀರಿ, ಪಾರ್ಟಿ 15 ದಿನದೊಳಗೆ ತನ್ನ ಅಕೌಂಟಿಗೆ ಹಾಕ್ಕೋಬೇಕು, ಇಲ್ಲಾಂದ್ರೆ ಆ ದುಡ್ಡು ಪ್ರಧಾನಿ ಪರಿಹಾರ ನಿಧಿಗೆ ಹೋಗುತ್ತೆ. ಕಾಗದದ ಮೇಲೆ ಕೊಂಡವರ ಹೆಸರೂ ಇಲ್ಲ, ಪಾರ್ಟಿ ಹೆಸರೂ ಇಲ್ಲ, ಯಾರ ಕೈಲಿದ್ಯೋ ಅವರದ್ದು. 2017ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಇದನ್ನ ಹೇಳಿದ್ರು, 2018ರ ಜನವರಿ 2ಕ್ಕೆ ಅಧಿಸೂಚನೆ ಬಂತು, ಅದೇ ವರ್ಷ ಮಾರ್ಚಲ್ಲಿ ಮಾರಾಟ ಶುರು. 2024ರ ಜನವರಿವರೆಗೆ 30 ಕಂತಲ್ಲಿ ಒಟ್ಟು ಸುಮಾರು 16,518 ಕೋಟಿ ರೂಪಾಯಿ ಬಾಂಡ್ ಮಾರಾಟ ಆಯ್ತು. ಬಾಂಡ್ ಕೊಂಡವರು ಕಮಿಷನ್ ಅಂತ ಒಂದು ರೂಪಾಯಿನೂ ಕೊಡ್ಬೇಕಿರ್ಲಿಲ್ಲ. ನಾಸಿಕದ ಪ್ರೆಸ್ಸಲ್ಲಿ ಮುದ್ರಿಸಿದ ಖರ್ಚು, ಬ್ಯಾಂಕಿನ ಕಮಿಷನ್ ಎಲ್ಲಾ ಸರ್ಕಾರದ ಬೊಕ್ಕಸದಿಂದ, ಅಂದ್ರೆ ನಮ್ಮ ತೆರಿಗೆಯಿಂದ.

"ಬ್ಯಾಂಕಿಂದ ಹೋದ ದುಡ್ಡು ಬಿಳಿ ದುಡ್ಡೇ ಅಲ್ವಾ ಸರ್, ಅದ್ರಲ್ಲೇನು ತಪ್ಪು?"

ಸರ್ಕಾರ ಹೇಳಿದ್ದೂ ಇದೇ, ಸೂಟ್‌ಕೇಸಲ್ಲಿ ಹೋಗ್ತಿದ್ದ ನಗದು ಈಗ ಬ್ಯಾಂಕ್ ಮೂಲಕ ಹೋಗುತ್ತೆ ಅಂತ. ಆದ್ರೆ ಚೆಕ್ಕಲ್ಲಿ ಕೊಟ್ರೂ ಬ್ಯಾಂಕ್ ಮೂಲಕಾನೇ ಹೋಗೋದು ಅಲ್ವಾ? ಚೆಕ್, ಆನ್‌ಲೈನ್ ವರ್ಗಾವಣೆ ಮೊದ್ಲಿಂದ್ಲೂ ಇತ್ತು. 20 ಸಾವಿರಕ್ಕಿಂತ ಜಾಸ್ತಿ ಕೊಟ್ಟವರ ಹೆಸರನ್ನ ಪಾರ್ಟಿ ಚುನಾವಣಾ ಆಯೋಗಕ್ಕೆ ಕೊಡ್ಬೇಕು ಅನ್ನೋ ರೂಲೂ ಇತ್ತು. ಬಾಂಡ್ ಹೊಸದಾಗಿ ಸೇರಿಸಿದ್ದು ಒಂದನ್ನೇ, ಹೆಸರು ಮುಚ್ಚಿಡೋ ಸೌಲಭ್ಯ. 2017ರ ಹಣಕಾಸು ಕಾಯ್ದೆಯಲ್ಲಿ ಜನಪ್ರತಿನಿಧಿ ಕಾಯ್ದೆ, ಆದಾಯ ತೆರಿಗೆ ಕಾಯ್ದೆ, ಕಂಪನಿ ಕಾಯ್ದೆ, ಆರ್‌ಬಿಐ ಕಾಯ್ದೆ ನಾಲ್ಕನ್ನೂ ತಿದ್ದಿ, ಬಾಂಡಲ್ಲಿ ಬಂದ ದುಡ್ಡಿಗೆ ಹೆಸರು ಹೇಳ್ಬೇಕಿಲ್ಲ ಅಂತ ಮಾಡಿದ್ರು. ನಗದನ್ನ ಕಮ್ಮಿ ಮಾಡೋದೇ ಉದ್ದೇಶ ಆಗಿದ್ರೆ ಹೆಸರು ಮುಚ್ಚೋ ಅಗತ್ಯ ಏನಿತ್ತು, ಆ ಪ್ರಶ್ನೆಗೆ ಈವರೆಗೂ ನನಗೆ ಒಪ್ಪಿಗೆಯಾಗೋ ಉತ್ತರ ಸಿಕ್ಕಿಲ್ಲ.

"ಕೊಡೋರಿಗೂ ಪ್ರೈವೆಸಿ ಬೇಡ್ವಾ? ಎದುರು ಪಾರ್ಟಿಯೋರು ಗೆದ್ದು ಸೇಡು ತೀರಿಸ್ಕೊಂಡ್ರೆ?"

ಈ ಭಯ ಸುಳ್ಳಲ್ಲ, ಇದನ್ನ ತಳ್ಳಿಹಾಕೋಕೆ ನನಗೆ ಇಷ್ಟ ಇಲ್ಲ. ಹಳ್ಳೀಲಿ ಕಿರಾಣಿ ಅಂಗಡಿ ಇಟ್ಕೊಂಡಿರೋ ಒಬ್ಬರು ಒಂದು ಪಾರ್ಟಿಗೆ 2 ಸಾವಿರ ಕೊಟ್ರು ಅಂತ ಊರಿಗೆಲ್ಲಾ ಗೊತ್ತಾದ್ರೆ ತೊಂದರೆ ಆಗ್ಬಹುದು, ಅದಕ್ಕೇ ಸಣ್ಣ ಮೊತ್ತಕ್ಕೆ ಹೆಸರು ಹೇಳೋ ರೂಲೇ ಇಲ್ಲ. ಆದ್ರೆ ಬಾಂಡಲ್ಲಿ ಮಾರಾಟ ಆದ ಮೊತ್ತದಲ್ಲಿ ಶೇಕಡ 90ಕ್ಕಿಂತ ಜಾಸ್ತಿ 1 ಕೋಟಿ ಮುಖಬೆಲೆದ್ದು, ಕಿರಾಣಿ ಅಂಗಡಿಯೋರು ಅದನ್ನ ಕೊಂಡ್ಕೊಳ್ಳಲ್ಲ. ಇನ್ನೊಂದು ಮುಖ್ಯ ವಿಷಯ, ಮುಚ್ಚಿಟ್ಟಿದ್ದು ಯಾರಿಂದ ಅಂತ ನೋಡಿ. ಕೊಟ್ಟವರೇ ಪಾರ್ಟಿ ಆಫೀಸಿಗೆ ಹೋಗಿ ಕೈಗಿತ್ರೆ ಪಾರ್ಟಿಗೆ ಗೊತ್ತಾಗುತ್ತೆ. ಬ್ಯಾಂಕಿಗೆ ಕೆವೈಸಿ ಇರೋದ್ರಿಂದ ಗೊತ್ತು. ಕ್ರಿಮಿನಲ್ ಕೇಸ್ ದಾಖಲಾದ್ರೆ ತನಿಖಾ ಸಂಸ್ಥೆ ಕೇಳಿ ಪಡೀಬಹುದು ಅಂತ ಸ್ಕೀಮಲ್ಲೇ ಬರೆದಿತ್ತು, ಆ ತನಿಖಾ ಸಂಸ್ಥೆ ಇರೋದು ಅಧಿಕಾರದಲ್ಲಿ ಇರೋರ ಕೈಲಿ. ಹಾಗಾದ್ರೆ ಗೊತ್ತಾಗದೇ ಇದ್ದಿದ್ದು ಯಾರಿಗೆ? ವೋಟು ಹಾಕೋ ನಿಮಗೆ, ನನಗೆ. ಸೇಡಿನ ಭಯಕ್ಕೆ ಮದ್ದು ಅಂತ ತಂದಿದ್ದು ಸೇಡು ತೀರಿಸ್ಕೊಳ್ಳೋ ಶಕ್ತಿ ಇರೋರಿಗೆ ಮಾತ್ರ ಮಾಹಿತಿ ಬಿಟ್ಟು ಉಳಿದವರಿಂದ ಮುಚ್ಚಿತು.

"ಎಲ್ಲಾ ಪಾರ್ಟಿನೂ ಒಂದ ಅದಾವ್ರಿ, ಮತ್ಯಾಕ ತಲಿ ಕೆಡಿಸ್ಕೋಬೇಕು?"

ಧಾರವಾಡ ಕಡೆ ಗೆಳೆಯರೊಬ್ಬರು ಕೇಳಿದ್ದು. ದುಡ್ಡಿನ ವಿಷಯದಲ್ಲಿ ಪಾರ್ಟಿಗಳು ಎಷ್ಟು ಬೇಗ ಒಂದಾಗ್ತವೆ ಅನ್ನೋಕೆ ಉದಾಹರಣೆ ಇದೆ. 2014ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್, ಲಂಡನ್ ಮೂಲದ ವೇದಾಂತ ಗುಂಪಿನ ಕಂಪನಿಗಳಿಂದ ದುಡ್ಡು ತಗೊಂಡು ಕಾಂಗ್ರೆಸ್ಸು ಬಿಜೆಪಿ ಎರಡೂ ವಿದೇಶಿ ದೇಣಿಗೆ ಕಾನೂನು ಮುರಿದಿವೆ ಅಂತ ಹೇಳ್ತು. ಆಮೇಲೆ ಆಗಿದ್ದೇನು? 2016ರ ಹಣಕಾಸು ಕಾಯ್ದೆಯಲ್ಲಿ ವಿದೇಶಿ ಮೂಲ ಅನ್ನೋದರ ವ್ಯಾಖ್ಯಾನವನ್ನ 2010ರಿಂದ ಅನ್ವಯ ಆಗೋ ಹಾಗೆ ಬದಲಾಯಿಸಿದ್ರು, ಅದು ಸಾಲ್ದು ಅಂತ 2018ರಲ್ಲಿ ಅದನ್ನ 1976ರವರೆಗೆ ಹಿಂದಕ್ಕೆ ಎಳೆದ್ರು. 42 ವರ್ಷ ಹಿಂದಕ್ಕೆ ಹೋಗಿ ತಪ್ಪನ್ನ ತಪ್ಪಲ್ಲ ಅಂತ ಮಾಡಿದ್ರು, ಲೋಕಸಭೇಲಿ ಅದಕ್ಕೆ ಚರ್ಚೇನೂ ನಡೀಲಿಲ್ಲ.

ಆದ್ರೆ ಎಲ್ಲಾ ಒಂದೇ ಅಂತ ಕೈತೊಳ್ಕೊಂಡು ಕೂರೋದನ್ನ ನಾನು ಒಪ್ಪಲ್ಲ. ಬಾಂಡ್ ದುಡ್ಡು ಮುಟ್ಟದೇ ಇದ್ದ ಪಾರ್ಟಿ ಇತ್ತು, ಸಿಪಿಐ(ಎಂ), ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಅದೂ ಒಂದು. ತಗೊಂಡವರಲ್ಲೂ ಯಾರಿಂದ ಅಂತ ಹೇಳಿದೋರು ಕೆಲವರು, ಹೇಳದೇ ಇದ್ದೋರು ಜಾಸ್ತಿ. ಯಾರ್ ಬಂದ್ರೂ ಇಷ್ಟೇ ಅಂತ ನಾವು ಸುಮ್ನಾದ್ರೆ ಹೇಳಿದವರಿಗೂ ಹೇಳದವರಿಗೂ ಇರೋ ವ್ಯತ್ಯಾಸ ಅಳಿಸಿಹೋಗುತ್ತೆ, ಅದು ಬೇಕಿರೋದು ಹೇಳದವರಿಗೆ.

## ಒಳಗೆ ಏನೇನು ನಡೀತು

"ಇಂಥ ಸ್ಕೀಮ್ ಬರೋವಾಗ ಆರ್‌ಬಿಐ, ಚುನಾವಣಾ ಆಯೋಗ ಎಲ್ಲಾ ನಿದ್ದೆ ಮಾಡ್ತಿದ್ವಾ?"

ಇಲ್ಲ, ಎರಡೂ ಬೇಡ ಅಂದಿದ್ವು. ಇದನ್ನ ಕೇಳಿ ತುಂಬಾ ಜನ ಆಶ್ಚರ್ಯ ಪಡ್ತಾರೆ. 2017ರ ಜನವರಿ 30ಕ್ಕೆ, ಬಜೆಟ್ಟಿಗೆ ಎರಡೇ ದಿನ ಮುಂಚೆ ಆರ್‌ಬಿಐ ಬರೆದ ಪತ್ರದಲ್ಲಿ, ಹೆಸರಿಲ್ಲದೆ ಕೈಯಿಂದ ಕೈಗೆ ಹೋಗೋ ಇಂಥ ಕಾಗದ ಕೆಟ್ಟ ಮಾದರಿ ಆಗುತ್ತೆ, ನಿಜವಾಗಿ ದುಡ್ಡು ಕೊಟ್ಟವರು ಯಾರು ಅಂತ ಗೊತ್ತಾಗಲ್ಲ ಅನ್ನೋ ಅರ್ಥದಲ್ಲಿ ಎಚ್ಚರಿಕೆ ಇತ್ತು. ಹಣಕಾಸು ಸಚಿವಾಲಯದ ಕಡೆಯಿಂದ ಬಂದ ಟಿಪ್ಪಣಿ ಏನಪ್ಪಾ ಅಂದ್ರೆ, ಮಸೂದೆ ಆಗಲೇ ಮುದ್ರಣ ಆಗಿದೆ, ನಿಮ್ಮ ಸಲಹೆ ತಡವಾಗಿ ಬಂತು ಅಂತ. ದೇಶದ ಕೇಂದ್ರ ಬ್ಯಾಂಕ್ ಹೇಳಿದ ಮಾತಿಗೆ ಕೊಟ್ಟ ಉತ್ತರ ಇದು.

ಚುನಾವಣಾ ಆಯೋಗ 2017ರ ಮೇ 26ಕ್ಕೆ ಕಾನೂನು ಸಚಿವಾಲಯಕ್ಕೆ ಬರೆದು, ಪಾರದರ್ಶಕತೆ ವಿಷಯದಲ್ಲಿ ಇದು ಹಿಂದಕ್ಕಿಡೋ ಹೆಜ್ಜೆ, ತಿದ್ದುಪಡಿ ವಾಪಸ್ ತಗೊಳ್ಳಿ ಅಂತ ಹೇಳ್ತು. ಆದ್ರೆ 2018ರ ಕೊನೇಲಿ ರಾಜ್ಯಸಭೇಲಿ ಒಬ್ಬ ಸದಸ್ಯರು ಈ ಬಗ್ಗೆ ಕೇಳಿದಾಗ ಹಣಕಾಸು ರಾಜ್ಯ ಸಚಿವರು ಆಯೋಗದಿಂದ ಅಂಥ ಆಕ್ಷೇಪ ಬಂದಿಲ್ಲ ಅನ್ನೋ ಉತ್ತರ ಕೊಟ್ರು. ಪತ್ರ ಇತ್ತು, ಆದ್ರೂ ಬಂದಿಲ್ಲ ಅಂದ್ರು, ಅದೂ ಸದನದಲ್ಲಿ.

ಇದೆಲ್ಲಾ ನಮಗೆ ಹೇಗೆ ಗೊತ್ತಾಯ್ತು ಅಂದ್ರೆ ನೌಕಾಪಡೆಯ ನಿವೃತ್ತ ಅಧಿಕಾರಿ ಲೋಕೇಶ್ ಬಾತ್ರಾ ವರ್ಷಗಟ್ಟಲೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಫೈಲುಗಳ ಪ್ರತಿ ತರಿಸ್ಕೊಂಡ್ರು, 2019ರ ನವೆಂಬರಲ್ಲಿ ಪತ್ರಕರ್ತ ನಿತಿನ್ ಸೇಠಿ ಅದನ್ನೆಲ್ಲಾ ಸರಣಿಯಾಗಿ ಬರೆದ್ರು. ಸಂಸ್ಥೆಗಳನ್ನ ಅನುಮಾನದಿಂದ ನೋಡಿ ಅಂದಾಗ ಒಳಗಿರೋ ಎಲ್ಲರೂ ಕೆಟ್ಟವರು ಅನ್ನೋದು ನನ್ನ ಮಾತಲ್ಲ. ಒಳಗೆ ಕೂತು ಬೇಡ ಅಂತ ಫೈಲಲ್ಲಿ ಬರೆದ ಅಧಿಕಾರಿಗಳು ಇದ್ದರು, ಅವರ ಮಾತು ನಮಗೆ ಕೇಳಿಸಿದ್ದು ಹೊರಗಿನೋರು ಬಿಡದೆ ಕೇಳಿದ್ದಕ್ಕೆ.

"ಯುವಿ ಲೈಟ್ ಬಿಟ್ರೆ ಬಾಂಡ್ ಮೇಲೆ ನಂಬರ್ ಕಾಣುತ್ತೆ ಅಂತಾರಲ್ಲ, ಅದು ನಿಜಾನಾ, ಫೇಕ್ ನ್ಯೂಸಾ?"

ನಿಜ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲರೂ ತಿಳ್ಕೊಳ್ಳಲೇಬೇಕಾದ ಭಾಗ ಇದೇ.

2018ರ ಏಪ್ರಿಲಲ್ಲಿ ದಿ ಕ್ವಿಂಟ್‌ನ ಪತ್ರಕರ್ತೆ ಪೂನಂ ಅಗರ್ವಾಲ್ 1 ಸಾವಿರ ರೂಪಾಯಿಯ ಬಾಂಡ್ ಕೊಂಡು ಫೊರೆನ್ಸಿಕ್ ಲ್ಯಾಬಿಗೆ ಕಳಿಸಿದ್ರು. ಬರಿಗಣ್ಣಿಗೆ ಕಾಣದ ಅಕ್ಷರ ಅಂಕಿ ಸೇರಿದ ಒಂದು ಗುಪ್ತ ನಂಬರ್ ಅಲ್ಟ್ರಾವಯಲೆಟ್ ಬೆಳಕಲ್ಲಿ ಕಾಣಿಸ್ತು, ಪ್ರತಿ ಬಾಂಡಿಗೂ ಬೇರೆ ಬೇರೆ. ಸುದ್ದಿ ಬಂದ ಮೇಲೆ ಹಣಕಾಸು ಸಚಿವಾಲಯ ಏಪ್ರಿಲ್ 17ಕ್ಕೆ ಹೇಳಿಕೆ ಕೊಡ್ತು: ನಂಬರ್ ಇರೋದು ನಕಲಿ ತಡಿಯೋಕೆ, ಕೊಂಡವರ ದಾಖಲೆಯಲ್ಲಾಗ್ಲಿ ಪಾರ್ಟಿ ದಾಖಲೆಯಲ್ಲಾಗ್ಲಿ ಎಸ್‌ಬಿಐ ಅದನ್ನ ಬರ್ಕೊಳ್ಳಲ್ಲ, ಹಾಗಾಗಿ ಯಾರು ಯಾರಿಗೆ ಕೊಟ್ರು ಅಂತ ಅದರಿಂದ ಪತ್ತೆ ಮಾಡೋಕಾಗಲ್ಲ ಅಂತ.

ಆರು ವರ್ಷ ಆದ್ಮೇಲೆ, 2024ರ ಮಾರ್ಚ್ 21ಕ್ಕೆ, ಕೋರ್ಟ್ ಗದರಿದ ಮೇಲೆ ಎಸ್‌ಬಿಐ ಎರಡು ಪಟ್ಟಿ ಕೊಡ್ತು. ಕೊಂಡವರ ಪಟ್ಟೀಲೂ ಆ ನಂಬರ್ ಇತ್ತು, ನಗದು ಮಾಡ್ಕೊಂಡ ಪಾರ್ಟಿಗಳ ಪಟ್ಟೀಲೂ ಆ ನಂಬರ್ ಇತ್ತು. ಅಂದ್ರೆ ಬ್ಯಾಂಕ್ ಎರಡೂ ಕಡೆ ಬರ್ಕೊಂಡಿತ್ತು. ಪಟ್ಟಿ ಹೊರಗೆ ಬಂದ ರಾತ್ರೀನೇ ಪತ್ರಕರ್ತರು, ಪ್ರೋಗ್ರಾಮರ್‌ಗಳು ಎರಡನ್ನೂ ತಾಳೆ ಹಾಕಿದ್ರು, ಯಾವ ಕಂಪನಿ ಯಾವ ಪಾರ್ಟಿಗೆ ಅಂತ ಸಾಲುಸಾಲಾಗಿ ಬಂತು. 2018ರ ಆ ಹೇಳಿಕೆಯನ್ನ 2024ರ ಆ ಪಟ್ಟಿ ಪಕ್ಕ ಇಟ್ಟು ಓದಿ ನೋಡಿ. ಸರ್ಕಾರಿ ಹೇಳಿಕೆ ಬಂದಾಕ್ಷಣ ಎಲ್ಲರೂ ಸಮಾಧಾನ ಆಗಿದ್ರೆ, ಸಾವಿರ ರೂಪಾಯಿ ಖರ್ಚು ಮಾಡಿ ಲ್ಯಾಬಿಗೆ ಕಳಿಸೋ ಮನಸ್ಸು ಒಬ್ಬರಿಗೂ ಬರದಿದ್ರೆ, ಕೋರ್ಟಲ್ಲಿ ನಂಬರ್ ಎಲ್ಲಿ ಅಂತ ಕೇಳೋಕೆ ಆಧಾರ ಏನಿರ್ತಿತ್ತು?

"ಎಸ್‌ಬಿಐ ಜೂನ್ 30ರ ತನಕ ಟೈಮ್ ಕೇಳಿತ್ತಲ್ಲ, ಅಷ್ಟು ದೊಡ್ಡ ಬ್ಯಾಂಕಿಗೆ ಕಂಪ್ಯೂಟರ್ ಇರ್ಲಿಲ್ವಾ?"

ಕಂಪ್ಯೂಟರ್ ಇತ್ತು. ತೀರ್ಪು ಮಾರ್ಚ್ 6ರೊಳಗೆ ವಿವರ ಕೊಡಿ ಅಂದಿತ್ತು, ಗಡುವಿಗೆ ಎರಡು ದಿನ ಇರೋವಾಗ ಬ್ಯಾಂಕ್ ಅರ್ಜಿ ಹಾಕ್ತು. ಕೊಂಡವರ ವಿವರ ಒಂದು ಕಡೆ ಇದೆ, ಪಾರ್ಟಿಗಳದ್ದು ಇನ್ನೊಂದು ಕಡೆ ಇದೆ, ಕೆಲವು ಮುಚ್ಚಿದ ಲಕೋಟೆಯಲ್ಲಿ ಕಾಗದದ ಮೇಲಿದೆ, 22,217 ಬಾಂಡ್ ತಾಳೆ ಹಾಕೋಕೆ ಟೈಮ್ ಬೇಕು ಅನ್ನೋದು ವಾದ. ಜೂನ್ 30 ಅಂದ್ರೆ ಲೋಕಸಭಾ ಚುನಾವಣೆ ಮುಗಿದು ಫಲಿತಾಂಶಾನೂ ಬಂದಿರುತ್ತೆ. ಮಾರ್ಚ್ 11ಕ್ಕೆ ಕೋರ್ಟ್, ತಾಳೆ ಹಾಕಿ ಅಂತ ನಾವು ಹೇಳೇ ಇಲ್ಲ, ಇರೋದನ್ನ ಕೊಡಿ ಅಂದು ಅರ್ಜಿ ವಜಾ ಮಾಡ್ತು. ಮಾರನೇ ದಿನ ಸಂಜೆಯೊಳಗೆ ಮಾಹಿತಿ ಚುನಾವಣಾ ಆಯೋಗಕ್ಕೆ ತಲುಪಿತು. ತಿಂಗಳುಗಟ್ಟಲೆ ಆಗುತ್ತೆ ಅಂದಿದ್ದು ಒಂದು ದಿನದಲ್ಲಿ ಬಂತು. ಸಾಮಾನ್ಯ ಗ್ರಾಹಕರು ಒಂದು ಇಎಂಐ ತಪ್ಪಿಸಿದ್ರೆ ಅವತ್ತೇ ಮೆಸೇಜ್ ಕಳಿಸೋ ವ್ಯವಸ್ಥೆಗೆ ಇದು ಕಷ್ಟ ಅನ್ನೋದನ್ನ ಯಾರೂ ನಂಬೋ ಹಾಗಿರ್ಲಿಲ್ಲ. ದೊಡ್ಡ ಸಂಸ್ಥೆ ಟೆಕ್ನಿಕಲ್ ಕಾರಣ ಹೇಳಿದಾಗ ನಮಗೆ ಅರ್ಥ ಆಗಲ್ಲ ಬಿಡು ಅಂತ ಹಿಂದೆ ಸರೀಬೇಡಿ. ಯಾವ ದಾಖಲೆ, ಎಲ್ಲಿದೆ, ಯಾಕೆ ತಡ, ಇಷ್ಟು ಕೇಳೋಕೆ ಎಂಜಿನಿಯರ್ ಆಗಿರ್ಬೇಕಿಲ್ಲ.

"ಕೋರ್ಟ್ ಕೊನೆಗೆ ಏನ್ ಹೇಳ್ತು? ಮತ್ತೆ ಅಷ್ಟು ವರ್ಷ ಯಾಕೆ ತಗೊಳ್ತು?"

2024ರ ಫೆಬ್ರವರಿ 15ಕ್ಕೆ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಐವರ ಪೀಠ ಒಮ್ಮತದಿಂದ ಸ್ಕೀಮ್ ಅಸಂವಿಧಾನಿಕ ಅಂತು. ಪಾರ್ಟಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ತಿಳ್ಕೊಳ್ಳೋದು ಮತದಾರರ ಮಾಹಿತಿ ಹಕ್ಕು, ಅದು ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡೋ 19(1)(ಎ) ವಿಧಿಯ ಒಳಗೇ ಬರುತ್ತೆ, ಕಪ್ಪುಹಣ ತಡೀಬೇಕು ಅನ್ನೋ ನೆಪದಲ್ಲಿ ಅದನ್ನ ಕಿತ್ಕೊಳ್ಳೋಕಾಗಲ್ಲ ಅನ್ನೋದು ಸಾರಾಂಶ.

ತಡದ ಬಗ್ಗೆ ನನಗೆ ಬೇಜಾರಿದೆ, ಮುಚ್ಚಿಡಲ್ಲ. ಚುನಾವಣಾ ಸುಧಾರಣೆಗೆ ಕೆಲಸ ಮಾಡೋ ಎಡಿಆರ್, ಸಾರ್ವಜನಿಕ ಹಿತದ ಕೇಸು ನಡೆಸೋ ಕಾಮನ್ ಕಾಸ್ ಸಂಸ್ಥೆಗಳು ಕೋರ್ಟಿಗೆ ಹೋಗಿದ್ದು 2017ರಲ್ಲೇ. 2019ರ ಏಪ್ರಿಲ್ 12ಕ್ಕೆ ಮಧ್ಯಂತರ ಆದೇಶ ಬಂತು, ವಿವರಗಳನ್ನ ಮುಚ್ಚಿದ ಲಕೋಟೆಯಲ್ಲಿ ಆಯೋಗಕ್ಕೆ ಕೊಡಿ ಅಂತ. 2021ರ ಮಾರ್ಚಲ್ಲಿ ತಡೆ ಕೊಡೋಕೆ ಒಪ್ಪಲಿಲ್ಲ. ಅಷ್ಟರಲ್ಲಿ ಒಂದು ಲೋಕಸಭಾ ಚುನಾವಣೆ, ಎಷ್ಟೋ ವಿಧಾನಸಭಾ ಚುನಾವಣೆ ಈ ದುಡ್ಡಲ್ಲೇ ಮುಗಿದುಹೋಗಿದ್ವು. ಕೋರ್ಟು ಸಹ ದೊಡ್ಡ ಸಂಸ್ಥೇನೇ, ತೀರ್ಪಿಗೆ ಕೃತಜ್ಞತೆ ಇಟ್ಕೊಂಡೇ ತಡಕ್ಕೂ ಪ್ರಶ್ನೆ ಕೇಳ್ಬಹುದು. ರಾಜ್ಯಸಭೇಲಿ ತಿದ್ದುಪಡಿ ಆಗದ ಹಾಗೆ ಇದನ್ನ ಮನಿ ಬಿಲ್ ಅಂತ ತಂದಿದ್ದು ಸರೀನಾ ಅನ್ನೋ ಪ್ರಶ್ನೇನ ಪೀಠ ಮುಟ್ಟಲಿಲ್ಲ, ಅದು ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಬಿಟ್ಟಿದ್ದು ಅಂತ.

"ಯಾರು ಎಷ್ಟು ಕೊಟ್ರು, ಯಾರಿಗೆ ಎಷ್ಟು ಬಂತು? ಸುಮ್ನೆ ನಂಬರ್ ಹೇಳಿ ಸಾಕು."

2019ರ ಏಪ್ರಿಲ್ 12ರಿಂದ ಆಮೇಲಿನ ಲೆಕ್ಕದಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ಪಶ್ಚಿಮ ಬಂಗಾಳದ ಟಿಎಂಸಿಗೆ 1,609, ಕಾಂಗ್ರೆಸ್ಸಿಗೆ 1,421, ತೆಲಂಗಾಣದ ಬಿಆರ್‌ಎಸ್‌ಗೆ 1,214 ಕೋಟಿ. ಕೊಟ್ಟವರಲ್ಲಿ ಮೊದಲನೇದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎರಡನೇದು ಹೈದರಾಬಾದಿನ ಮೇಘಾ ಎಂಜಿನಿಯರಿಂಗ್, 966 ಕೋಟಿ. ಫ್ಯೂಚರ್ ಗೇಮಿಂಗಿನ ದುಡ್ಡಲ್ಲಿ ದೊಡ್ಡ ಪಾಲು ಹೋಗಿದ್ದು ಟಿಎಂಸಿ ಮತ್ತೆ ಡಿಎಂಕೆಗೆ, ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಒಂದೇ ಪಾರ್ಟಿ ಸ್ಕೀಮ್ ಇದು ಅಂದ್ಕೊಂಡೋರು ತುಂಬಾ ಜನ ಇದ್ದಾರೆ. ಎಲ್ಲೆಲ್ಲಿ ಅಧಿಕಾರ ಇತ್ತೋ ಅಲ್ಲಲ್ಲಿ ದುಡ್ಡು ಹೋಗಿದೆ.

## ಇನ್ನೂ ಆಳಕ್ಕೆ ಹೋಗೋರಿಗೆ

"ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ, ಇಲ್ಲಾ ಇದೆಲ್ಲಾ ದಿಲ್ಲಿ ಕಥೇನಾ?"

ನೇರ ಸಂಬಂಧ ಇದೆ. ಆಗಿನ ರೂಲ್ ಪ್ರಕಾರ ಬಾಂಡ್ ಮಾರಾಟ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಲ್ಲಿ ಹತ್ತತ್ತು ದಿನ, ಲೋಕಸಭಾ ಚುನಾವಣೆ ವರ್ಷ ಮಾತ್ರ ಎಕ್ಸ್‌ಟ್ರಾ 30 ದಿನ. ಆದ್ರೆ 2018ರ ಮೇ 1ರಿಂದ 10ರವರೆಗೆ ರೂಲಲ್ಲಿ ಇಲ್ಲದ ಒಂದು ಮಾರಾಟ ನಡೀತು. ಆ ತಿಂಗಳು ಎಲ್ಲಿ ಚುನಾವಣೆ ಇತ್ತು? ನಮ್ಮಲ್ಲೇ, ಮೇ 12ಕ್ಕೆ ಮತದಾನ. ಬಾತ್ರಾ ತರಿಸಿದ ಫೈಲುಗಳ ಪ್ರಕಾರ ಈ ವಿನಾಯಿತಿ ಪ್ರಧಾನಿ ಕಾರ್ಯಾಲಯದ ಸೂಚನೆ ಮೇಲೆ ಆಗಿದ್ದು. ಅಲ್ಲಿಗೇ ನಿಲ್ಲಲಿಲ್ಲ, ಅದೇ ಮೇ ತಿಂಗಳ ಕೊನೆ ಹೊತ್ತಿಗೆ 15 ದಿನ ದಾಟಿದ್ದ 10 ಕೋಟಿ ಮೌಲ್ಯದ ಬಾಂಡುಗಳನ್ನ ನಗದು ಮಾಡೋಕೆ ಸಚಿವಾಲಯ ಎಸ್‌ಬಿಐಗೆ ಒಂದು ಸಲಕ್ಕೆ ಅಂತ ಅನುಮತಿ ಕೊಡ್ತು. ಸ್ಕೀಮ್ ಶುರುವಾಗಿ ಮೂರು ತಿಂಗಳೂ ತುಂಬಿರ್ಲಿಲ್ಲ, ಆಗಲೇ ಎರಡು ರೂಲು ಸಡಿಲ ಆಗಿತ್ತು.

ನನಗೆ ಇವತ್ತಿಗೂ ಸಂಕಟ ಆಗೋ ವಿಷಯ ಮುಂದಿದೆ. ಎಸ್‌ಬಿಐ ಬಿಡುಗಡೆ ಮಾಡಿದ ಪಟ್ಟಿ ಶುರುವಾಗೋದು 2019ರ ಏಪ್ರಿಲ್ 12ರಿಂದ. ಹಾಗಾಗಿ 2018ರ ಕರ್ನಾಟಕ ಚುನಾವಣೆ ಹೊತ್ತಲ್ಲಿ ಬಾಂಡ್ ಕೊಂಡವರ ಹೆಸರು ಆ ಪಟ್ಟೀಲಿ ಇಲ್ಲ. 2019ರ ಆ ತಾರೀಕಿಗೂ ಮುಂಚಿನ ಕಾಲದ್ದು ಗೊತ್ತಾಗೋದು ಪಾರ್ಟಿಗಳು ಮುಚ್ಚಿದ ಲಕೋಟೆಯಲ್ಲಿ ಏನು ಬರೆದಿದ್ವೋ ಅದರಿಂದ, 2024ರ ಮಾರ್ಚ್ 17ಕ್ಕೆ ಆಯೋಗ ಅದನ್ನ ಹೊರಗೆ ಹಾಕ್ತು. ದೊಡ್ಡ ಪಾರ್ಟಿಗಳು ಮೊತ್ತ ಬರೆದು ಹೆಸರು ಬಿಟ್ಟಿದ್ವು, ಜೆಡಿಯು ಅಂತೂ ಯಾರೋ ಆಫೀಸಿಗೆ ಬಂದು ಲಕೋಟೆ ಕೊಟ್ಟು ಹೋದ್ರು ಅಂತ ಬರೆದಿತ್ತು. ಹೆಸರು ಕೊಟ್ಟ ಕೆಲವೇ ಪಾರ್ಟಿಗಳಲ್ಲಿ ಡಿಎಂಕೆ ಜೊತೆ ನಮ್ಮ ಜೆಡಿಎಸ್ ಇದೆ. ಒಟ್ಟು 89.75 ಕೋಟಿ, ಅದ್ರಲ್ಲಿ ಮೇಘಾ ಎಂಜಿನಿಯರಿಂಗಿಂದ 50 ಕೋಟಿ, ಎಂಬಸಿ ಗುಂಪಿಂದ 22 ಕೋಟಿ, ಇನ್ಫೋಸಿಸ್‌ನಿಂದ 1 ಕೋಟಿ. ಆ ದುಡ್ಡು ಯಾಕೆ ಬಂತು ಅಂತ ಕೇಳೋ ಹಕ್ಕು ನಮಗಿದೆ, ಹೆಸರು ಹೇಳಿದ್ದಕ್ಕೆ ಮೆಚ್ಚೋದೂ ನ್ಯಾಯವೇ.

"ರೇಡ್ ಆಯ್ತು, ಬಾಂಡ್ ತಗೊಂಡ್ರು, ಕೇಸ್ ಹಗುರ ಆಯ್ತು. ಇದು ಲಂಚ ಅಂತ ನೇರವಾಗಿ ಹೇಳೋಕೆ ಏನು ಕಷ್ಟ ನಿಮಗೆ?"

ಕಷ್ಟ ಏನಂದ್ರೆ ತಾರೀಕು ಅಕ್ಕಪಕ್ಕ ಬಂದ ಮಾತ್ರಕ್ಕೆ ಲಂಚ ಸಾಬೀತಾಗಲ್ಲ. ಒಂದು ಉದಾಹರಣೆ ಹೇಳ್ತೀನಿ. ದೆಹಲಿ ಅಬಕಾರಿ ಪ್ರಕರಣದಲ್ಲಿ ಅರಬಿಂದೋ ಫಾರ್ಮಾದ ನಿರ್ದೇಶಕರೊಬ್ಬರನ್ನ ಇ.ಡಿ. ಬಂಧಿಸಿದ್ದು 2022ರ ನವೆಂಬರ್ 10ಕ್ಕೆ. ನವೆಂಬರ್ 15ಕ್ಕೆ ಕಂಪನಿ 5 ಕೋಟಿಯ ಬಾಂಡ್ ಕೊಂಡ್ತು, ನಗದು ಮಾಡ್ಕೊಂಡಿದ್ದು ಬಿಜೆಪಿ. 2023ರಲ್ಲಿ ಆ ನಿರ್ದೇಶಕರು ಮಾಫಿಸಾಕ್ಷಿ ಆದ್ರು, ಅದೇ ವರ್ಷ ನವೆಂಬರಲ್ಲಿ ಕಂಪನಿ ಮತ್ತೆ 25 ಕೋಟಿಯದ್ದು ಕೊಂಡ್ತು. ಇಷ್ಟನ್ನೇ ಓದಿದ್ರೆ ತೀರ್ಮಾನಕ್ಕೆ ಬರೋದು ಸುಲಭ. ಆದ್ರೆ ಅದೇ ಕಂಪನಿ ಬಂಧನಕ್ಕೂ ಮುಂಚೆ ಬಿಆರ್‌ಎಸ್‌ಗೆ, ಟಿಡಿಪಿಗೂ ಕೊಟ್ಟಿತ್ತು. ಇದನ್ನೂ ಸೇರಿಸಿ ಹೇಳ್ಬೇಕು, ಎಷ್ಟೇ ಅನುಮಾನ ಇದ್ರೂ. ತನಿಖೆ ಆಗ್ಬೇಕಾದ ವಿಷಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ತೀರ್ಪು ಕೊಡೋ ಜಾಗದಲ್ಲಿ ನಾನಿಲ್ಲ.

ತನಿಖೆ ಆಗ್ಲಿ ಅಂತ ಕೇಳಿದವರಿಗೆ ಏನಾಯ್ತು ಅಂದ್ರೆ, 2024ರ ಆಗಸ್ಟ್ 2ಕ್ಕೆ ಸುಪ್ರೀಂ ಕೋರ್ಟ್ ವಿಶೇಷ ತನಿಖಾ ತಂಡ ಬೇಡ, ಸಾಮಾನ್ಯ ಕಾನೂನು ದಾರಿ ಇದೆ ಅಂತು. ಆ ದಾರಿ ಹಿಡಿದವರು ಬೆಂಗಳೂರಲ್ಲೇ ಇದ್ರು. ಸೆಪ್ಟೆಂಬರಲ್ಲಿ ವಿಶೇಷ ನ್ಯಾಯಾಲಯದ ಆದೇಶದ ಮೇಲೆ ತಿಲಕನಗರ ಠಾಣೇಲಿ ಕೇಂದ್ರ ಹಣಕಾಸು ಸಚಿವೆ ಸೇರಿ ಕೆಲವರ ಮೇಲೆ ಸುಲಿಗೆ ಆರೋಪದ ಎಫ್‌ಐಆರ್ ದಾಖಲಾಯ್ತು. ಎರಡೇ ದಿನಕ್ಕೆ ಕರ್ನಾಟಕ ಹೈಕೋರ್ಟ್ ತಡೆ ಕೊಡ್ತು, ಸುಲಿಗೆ ಅನ್ನೋಕೆ ಹೆದರಿ ದುಡ್ಡು ಕೊಟ್ಟವರೇ ಮುಂದೆ ಬರ್ಬೇಕಲ್ವಾ ಅನ್ನೋ ಪ್ರಶ್ನೆ ಎತ್ತಿತು, ಡಿಸೆಂಬರಲ್ಲಿ ಎಫ್‌ಐಆರ್ ರದ್ದಾಯ್ತು. ಕಾನೂನಿನ ಮಾತು ಸರಿ ಇರ್ಬಹುದು. ಆದ್ರೆ ನಿಜವಾಗ್ಲೂ ಹೆದರಿ ಕೊಟ್ಟ ಕಂಪನಿ ಇದ್ರೆ ಅದು ಠಾಣೆಗೆ ಬಂದು ದೂರು ಕೊಡುತ್ತಾ? ಈ ಗಂಟು ಹಾಗೇ ಉಳ್ಕೊಂಡಿದೆ.

"ಕಂಪನಿ ಅವರ ದುಡ್ಡು, ಅವರು ಯಾರಿಗಾದ್ರೂ ಕೊಡ್ಲಿ, ಷೇರು ತಗೊಂಡಿರೋ ನನಗೇನು ನಷ್ಟ?"

ಮೊದಲು ಕಂಪನಿಗಳಿಗೆ ಮಿತಿ ಇತ್ತು, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡ 7.5ಕ್ಕಿಂತ ಜಾಸ್ತಿ ಪಾರ್ಟಿಗಳಿಗೆ ಕೊಡೋ ಹಾಗಿರ್ಲಿಲ್ಲ, ಯಾವ ಪಾರ್ಟಿಗೆ ಅಂತ ಲೆಕ್ಕಪತ್ರದಲ್ಲಿ ಬರೀಬೇಕಿತ್ತು. 2017ರಲ್ಲಿ ಎರಡನ್ನೂ ತೆಗೆದ್ರು. ಮಿತಿ ಹೋದ್ರೆ ನಷ್ಟದಲ್ಲಿರೋ ಕಂಪನೀನೂ ಕೊಡ್ಬಹುದು, ದುಡ್ಡು ಸಾಗಿಸೋಕೆ ಅಂತ್ಲೇ ಹುಟ್ಟಿಸಿದ ಕಂಪನೀನೂ ಕೊಡ್ಬಹುದು. ನಿಮ್ಮ ಮ್ಯೂಚುವಲ್ ಫಂಡಲ್ಲಿ, ಪಿಎಫ್‌ನಲ್ಲಿ ಇಂಥ ಕಂಪನಿ ಷೇರು ಇದ್ರೆ ಅದು ನಿಮ್ಮ ದುಡ್ಡೂ ಹೌದು. ಲಾಭಕ್ಕೆ ಲೆಕ್ಕ ಕೇಳೋ ಹೂಡಿಕೆದಾರರು ಇದಕ್ಕೆ ಯಾಕೆ ಕೇಳ್ಬಾರ್ದು? ತೀರ್ಪು ಈ ತಿದ್ದುಪಡಿಗಳನ್ನೂ ಹೊಡೆದುಹಾಕಿದೆ.

"ಈಗ ಬಾಂಡ್ ಇಲ್ವಲ್ಲ, ಎಲ್ಲಾ ಕ್ಲೀನ್ ಆಯ್ತು ಅಂತ ತಾನೇ?"

ಇಲ್ಲ ಅಕ್ಕ. 2013ರಿಂದ ಎಲೆಕ್ಟೋರಲ್ ಟ್ರಸ್ಟ್ ಅನ್ನೋ ದಾರಿ ಇದೆ. ಕಂಪನಿಗಳು ಟ್ರಸ್ಟಿಗೆ ಕೊಡ್ತವೆ, ಟ್ರಸ್ಟು ಬಂದಿದ್ದರಲ್ಲಿ ಶೇಕಡ 95ನ್ನ ಪಾರ್ಟಿಗಳಿಗೆ ಹಂಚ್ಬೇಕು, ಕೊಟ್ಟವರ ಹೆಸರು ಪಡೆದವರ ಹೆಸರು ಎರಡನ್ನೂ ಆಯೋಗಕ್ಕೆ ತಿಳಿಸ್ಬೇಕು. ಬಾಂಡಿಗಿಂತ ಎಷ್ಟೋ ವಾಸಿ. ಆದ್ರೆ ಹತ್ತಾರು ಕಂಪನಿ ಒಂದು ಟ್ರಸ್ಟಿಗೆ ಸುರಿದು, ಆ ಟ್ರಸ್ಟು ಹಲವು ಪಾರ್ಟಿಗೆ ಹಂಚಿದ್ರೆ ಯಾರ ದುಡ್ಡು ಯಾರಿಗೆ ಅನ್ನೋದು ಮಸುಕಾಗುತ್ತೆ. ಇನ್ನು 20 ಸಾವಿರದ ಒಳಗಿನ ದೇಣಿಗೆಗೆ ಹೆಸರು ಹೇಳ್ಬೇಕಿಲ್ಲ ಅನ್ನೋದು ಹಾಗೇ ಇದೆ, ನಗದು 2 ಸಾವಿರದವರೆಗೆ. ಒಂದೇ ದೊಡ್ಡ ಮೊತ್ತವನ್ನ ಸಾವಿರಾರು ಸಣ್ಣ ಚೂರು ಮಾಡಿ ತೋರಿಸಿದ್ರೆ ಹಿಡಿಯೋದು ಕಷ್ಟ. 2013ರ ಜೂನ್ 3ಕ್ಕೆ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಾರ್ಟಿಗಳು ಆರ್‌ಟಿಐ ಅಡಿ ಬರ್ತವೆ ಅಂತ ಆದೇಶ ಮಾಡಿತ್ತು. ಆರೂ ಪಾಲಿಸ್ಲಿಲ್ಲ.

"ವಾಟ್ಸಾಪಲ್ಲಿ ಎಲ್ಲಾ ಪಿತೂರಿ ಅನ್ನೋರಿಗೂ ನಿಮಗೂ ವ್ಯತ್ಯಾಸ ಏನು?"

ಈ ಪ್ರಶ್ನೆ ಕೇಳಿದ್ದು ನನಗೆ ಒಳ್ಳೇದೇ ಆಯ್ತು. ಪಟ್ಟಿ ಹೊರಗೆ ಬಂದ ಮಾರ್ಚಲ್ಲೇ ಒಂದು ಮೆಸೇಜ್ ಎಲ್ಲಾ ಗ್ರೂಪಲ್ಲೂ ಓಡಾಡ್ತು, ಪಾಕಿಸ್ತಾನದ ಹಬ್ ಪವರ್ ಕಂಪನಿ ಬಾಂಡ್ ಕೊಂಡಿದೆ ಅಂತ. ಆ ಕಂಪನಿ ತನಗೂ ಇದಕ್ಕೂ ಸಂಬಂಧ ಇಲ್ಲ ಅಂತು, ಪಟ್ಟೀಲಿದ್ದಿದ್ದು ಅದೇ ತರ ಹೆಸರಿನ ದೆಹಲಿಯ ಒಂದು ಸಂಸ್ಥೆ. ಹೆಸರು ನೋಡಿ ಫಾರ್ವರ್ಡ್ ಮಾಡಿದವರು ಆಮೇಲೆ ತಿದ್ದುಪಡಿ ಕಳಿಸಿದ್ದು ನಾನು ನೋಡಿಲ್ಲ. ಇಂಥದ್ದರಿಂದ ಲಾಭ ಯಾರಿಗೆ? ಮುಚ್ಚಿಡೋರಿಗೆ, ನೋಡಿ ಇವರು ಹೇಳೋದೆಲ್ಲಾ ಹೀಗೇ ಅಂತ ತೋರಿಸೋಕೆ. ನಾನು ಇಟ್ಕೊಂಡಿರೋ ರೂಲ್ ಸರಳ: ಪತ್ರ, ಆದೇಶ, ಪಟ್ಟಿ ಯಾವುದಾದ್ರೂ ಒಂದು ಕೈಲಿರ್ಬೇಕು, ನನಗೆ ಇಷ್ಟದ ಪಾರ್ಟಿ ಮೇಲೂ ಅದೇ ಪ್ರಶ್ನೆ ಕೇಳೋಕೆ ತಯಾರಿರ್ಬೇಕು, ದಾಖಲೆ ಬೇರೆ ಹೇಳಿದ್ರೆ ಅಭಿಪ್ರಾಯ ಬದಲಾಯಿಸ್ಬೇಕು.

"ನಾನೊಬ್ಬ ಸಾಮಾನ್ಯ ಮನುಷ್ಯ, ಒಂದು ಆರ್‌ಟಿಐ ಹಾಕಿದ್ರೆ ಏನಾಗುತ್ತೆ? ಹೇಗೆ ಹಾಕೋದು?"

ಬಾತ್ರಾ ಅವರೂ ನಿವೃತ್ತರಾದ ಮೇಲೆ ಹಾಕಿದ್ದು. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ರೆ ಅದೂ ಇಲ್ಲ, ಉತ್ತರ 30 ದಿನದಲ್ಲಿ ಬರ್ಬೇಕು. ಕರ್ನಾಟಕದ ಕಚೇರಿಗಳಿಗೆ ಹಾಕೋವಾಗ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ, ಇಲ್ಲಾಂದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. "ಯಾಕೆ ಹೀಗೆ ಮಾಡಿದ್ರಿ" ಅಂತ ಬರೀಬೇಡಿ, ಅದು ಮಾಹಿತಿ ಅಲ್ಲ ಅಂತಾರೆ. "ಇಂಥ ತಾರೀಕಿನ ಆದೇಶದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಅಂತ ಬರೀರಿ. ಬಾಂಡಿನ ಇಡೀ ಕಥೆ ಹೊರಗೆ ಬಂದಿದ್ದು ಟಿಪ್ಪಣಿ ಹಾಳೆಗಳಿಂದಾನೇ. ಉತ್ತರ ಬರದಿದ್ರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಬಾಕಿ ಜಾಸ್ತಿ, ತಾಳ್ಮೆ ಬೇಕು. ಒಬ್ಬರೇ ಹಾಕೋಕೆ ಹೆದರಿಕೆ ಅನ್ಸಿದ್ರೆ ಊರಲ್ಲಿ ಮೂರ್ನಾಲ್ಕು ಜನ ಸೇರಿ ಒಬ್ಬೊಬ್ಬರೂ ತಂತಮ್ಮ ಹೆಸರಲ್ಲಿ ಹಾಕಿ.

"ಇನ್ನೂ ಏನೇನು ಹೊರಗೆ ಬರ್ಬೇಕಿದೆ?"

2018ರ ಮಾರ್ಚಿಂದ 2019ರ ಏಪ್ರಿಲ್ 11ರವರೆಗೆ ಮಾರಾಟ ಆದ ಸುಮಾರು 4,000 ಕೋಟಿಯ ಬಾಂಡುಗಳ ವಿವರ. ಅದನ್ನೂ ಕೊಡಿಸಿ ಅಂತ ಅರ್ಜಿ ಹೋಗಿತ್ತು, 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಮಧ್ಯಂತರ ಆದೇಶದ ದಿನವನ್ನೇ ಗೆರೆ ಅಂತ ಇಟ್ಕೊಂಡ್ತು. ಆಮೇಲೆ ತೀರ್ಪಿನ ಮರುಪರಿಶೀಲನಾ ಅರ್ಜಿಗಳೂ ವಜಾ ಆದ್ವು. ಕೊಂಡವರು ಕೊಟ್ಟ ಕೆವೈಸಿ ಎಸ್‌ಬಿಐ ಹತ್ರ ಹೋಗಿದ್ದೇ. ಮೊದಲ ಮಾರಾಟದ ಕಂತುಗಳು, ರೂಲ್ ಮೀರಿ ನಡೆದ ಮೇ ತಿಂಗಳ ಕಂತು, 2019ರ ಲೋಕಸಭಾ ಚುನಾವಣೆಗೆ ಮುಂಚೆ ಆದ ದೊಡ್ಡ ಖರೀದಿ ಎಲ್ಲಾ ಈ ಅವಧೀಲೇ ಇದೆ. ಈ ಹೆಸರುಗಳನ್ನ ಕೊಡಿ ಅಂತ ಯಾವ ಪಾರ್ಟಿ ತನ್ನ ಪ್ರಣಾಳಿಕೇಲಿ ಬರೆಯುತ್ತೋ ನೋಡ್ತಿರಿ, ವೋಟು ಕೇಳೋಕೆ ಮನೆಗೆ ಬಂದವರ ಹತ್ರ ಇದನ್ನೂ ಕೇಳಿ.